ಆಯಿಯ ಮಲ್ಲಿಗೆ, ಟಿವಿಯವರ ಮೂರು ದಿನದ ತೋಟ

ರಿಟೈರ್ ಆದವನು ಅಂದರೆ ತಲೆ ನರೆತಿರಬೇಕು. ನನ್ನ ತಲೆ ಇನ್ನೂ ಕರಿ ಇದೆ, ಬೆನ್ನು ಮಾತ್ರ ಮುಪ್ಪಾಗಿದೆ. ಹದಿನಾರು ವರ್ಷ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳ ಅಂಗಳದಲ್ಲಿ ಮಣ್ಣು ಅಗೆದೆ, ಕುಂಡ ಹೊತ್ತೆ, ಗೊಬ್ಬರ ಚೆಲ್ಲಿದೆ. ಒಂದು ದಿನ ಸಿಮೆಂಟಿನ ಕುಂಡ ಎತ್ತುವಾಗ ಸೊಂಟದಲ್ಲಿ ಕಟಕ್ ಎಂದಿತು. ಡಾಕ್ಟರು ಫೋಟೋ ತೆಗೆಸಿ ನೋಡಿ, “ಇನ್ನ ಮ್ಯಾಲೆ ಒಂದ ಕೊಡ ನೀರು ಸುದ್ದಾ ಎತ್ತಬ್ಯಾಡ” ಅಂದರು. ಮೂವತ್ತೆರಡಕ್ಕೇ ಸರ್ವಿಸು ಮುಗಿಯಿತು. ಶಾಲು ಇಲ್ಲ, ಹಾರ ಇಲ್ಲ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡು ಕೂತಿದ್ದೇನೆ.

ಈ ಕೆಲಸಕ್ಕೆ ಇಳಿಯಬೇಕು ಅನ್ನುವ ಹುಡುಗರು ಅಂಗಡಿಗೆ ಬರುತ್ತಾರೆ. “ಯಲ್ಲಪ್ಪಣ್ಣ, ಲಾನ್ ಹೆಂಗ ಹಾಸೂದು? ಕಾರಂಜಿ ಹೆಂಗ ಕುಂದ್ರಸೂದು?” ಎಂದು ಕೇಳುತ್ತಾರೆ. ಬಚ್ಚಲ ನೀರು ಎಲ್ಲಿ ಬಿಡುವುದು ಎಂದು ಒಬ್ಬನೂ ಕೇಳಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಚಂದದ ಮಾತು ಬರುವುದಿಲ್ಲ. ಇದ್ದದ್ದು ಹೇಳುತ್ತೇನೆ.

ಕೆಲಸ ಕಲಿಸಿದವರು ದಸ್ತಗೀರ ಚಾಚಾ. ನೇಸರಗಿ ರಸ್ತೆಗೆ ಅವರದೊಂದು ನರ್ಸರಿ ಇತ್ತು. ನರ್ಸರಿ ಅಂದರೆ ನಾಲ್ಕು ಬೇವಿನ ಮರ, ಅವುಗಳ ನೆರಳಿಗೆ ಸಾಲಾಗಿ ಎಣ್ಣೆ ಡಬ್ಬಿಗಳು, ಡಬ್ಬಿಗಳಲ್ಲಿ ಸಸಿ. ಮೊದಲ ದಿನ ನನ್ನನ್ನು ಒಬ್ಬ ಕ್ಲಾರ್ಕರ ಮನೆಗೆ ಕರೆದುಕೊಂಡು ಹೋದರು. ನಾನು ಅಂಗಳದಲ್ಲಿ ನಿಂತು, ಇಲ್ಲಿ ಗುಲಾಬಿ, ಅಲ್ಲಿ ದಾಸವಾಳ ಎಂದು ಮನಸ್ಸಿನಲ್ಲೇ ಹಚ್ಚುತ್ತಿದ್ದೆ. ಚಾಚಾ ಸೀದಾ ಮನೆಯ ಹಿಂದೆ ಹೋಗಿ, ಬಚ್ಚಲ ನೀರು ಹೊರಬೀಳುವ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಚಾಚಾ, ಅಂಗಳಾ ಮುಂದ ಐತಿ.”

“ತ್ವಾಟ ಎಲ್ಲೆ ಆಗಬೇಕು ಅನ್ನೂದು ನೀರು ಹೇಳ್ತೈತಿ. ನೀ ಹೇಳಬ್ಯಾಡ, ನಾ ಹೇಳಬ್ಯಾಡ. ನಳದ ನೀರು ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಮನಶ್ಯಾ ದಿನಾ ಮಾರಿ ತೊಳಕೋತಾನಿಲ್ಲೋ? ಆ ನೀರು ದಿನಾ ಬೀಳತೈತಿ. ಮೊದಲ ಅದನ್ನ ನೋಡ.”

ಆಮೇಲೆ ಬೋರಿನ ನೀರು ತರಿಸಿ ಬಾಯಿಗೆ ಹಾಕಿಕೊಂಡು, ಆ ಗಲ್ಲಕ್ಕೆ ಈ ಗಲ್ಲಕ್ಕೆ ಆಡಿಸಿ ಉಗುಳಿದರು. “ಸವಳ ಐತಿ, ಬರೇ ಉಪ್ಪ. ಗುಲಾಬಿ ಕೇಳಿದ್ರ ಆಗೂದಿಲ್ಲ ಅನ್ನು. ಸಿಟ್ಟಿಗೆದ್ರ ಏಳಲಿ. ಇವತ್ತ ಸಿಟ್ಟು ಛಲೋ, ಮುಂದಿನ ತಿಂಗಳ ಬೈಗಳ ಬ್ಯಾಡ.”

ಈ ಕಸುಬಿನ ಅರ್ಧ ವಿದ್ಯೆ ಅಷ್ಟೇ. ಉಳಿದ ಅರ್ಧ ಮಣ್ಣು. ನಮ್ಮ ಎರೆಮಣ್ಣು ಹತ್ತಿಗೆ, ಜೋಳಕ್ಕೆ ಚಿನ್ನ. ಅಂಗಳದ ಗಿಡಕ್ಕೆ ಮಾತ್ರ ಮಳೆಗಾಲದಲ್ಲಿ ಉಸಿರು ಕಟ್ಟಿಸುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಬೇರು ಹರಿಯುತ್ತದೆ. ಎರಡು ಬುಟ್ಟಿ ಎರೆಮಣ್ಣಿಗೆ ಒಂದು ಬುಟ್ಟಿ ಗರಸು ಎಂಬ ಸಣ್ಣ ಹರಳುಕಲ್ಲು, ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಕಲಸಬೇಕು. ಮೇಲೆ ಶೇಂಗಾ ಸಿಪ್ಪೆ ಹೊದಿಸಬೇಕು. ಸವದತ್ತಿಯಲ್ಲಾದರೆ ದೇವಿಯ ಗುಡ್ಡಕ್ಕೆ ಬಂದ ಜನ ಒಡೆಸಿದ ತೆಂಗಿನಕಾಯಿಯ ಸಿಪ್ಪೆ ಬೇಕಾದಷ್ಟು. ಅಲ್ಲಿ ಕಲ್ಲಿನ ಮೇಲೆ ಕಟ್ಟಿದ ಮನೆಯೊಂದರಲ್ಲಿ ಹಿಡಿ ಮಣ್ಣಿರಲಿಲ್ಲ. ಒಡೆದ ಗಡಿಗೆಗಳಿಗೆ ಆ ಸಿಪ್ಪೆ ತುಂಬಿ, ಮೇಲೆ ನಾಲ್ಕು ಬೆರಳು ಮಣ್ಣು ಹಾಕಿ ಬದನೆ ಬೆಳೆಸಿದೆವು. ಆ ಮನೆಯವರು ಬೀಗರಿಗೆಲ್ಲ ಬದನೆಕಾಯಿ ಕಳಿಸಿ ಕಳಿಸಿ, ಕೊನೆಗೆ ಬೀಗರೇ ಸಾಕು ಅಂದರಂತೆ.

ತಪ್ಪೂ ಮಾಡಿದ್ದೇನೆ. ಕಿತ್ತೂರಿನಲ್ಲಿ ಒಬ್ಬರ ಮನೆಯ ಕರಿಬೇವು ಬೇಗ ಬೆಳೆಯಲಿ ಎಂದು ಬೊಗಸೆ ತುಂಬ ಯೂರಿಯಾ ಹಾಕಿದೆ. ಎಂಟು ದಿನದಲ್ಲಿ ಎಲೆ ಎಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಮನೆಯ ಹೆಣ್ಣುಮಗಳು ಗಿಡ ನೋಡಿದಳು, ನನ್ನನ್ನು ನೋಡಿದಳು.

“ಇರಲಿ ಬಿಡೋ ಯಲ್ಲಪ್ಪ. ಒಗ್ಗರಣಿಗೆ ಎಲಿ ಹೋದ್ರೂ ಅಂಗಳಕ್ಕ ಕಸಬರಿಗಿ ಸಿಕ್ತು.”

ಅವತ್ತಿನಿಂದ ನನ್ನ ಕೈಯಲ್ಲಿ ಯೂರಿಯಾ ಇಲ್ಲ.

ಆಮೇಲೆ ಊರಿಗೆ ಕೇಬಲ್ ಬಂತು. ಜನ ಅಡುಗೆ ನೋಡಿದರು, ಕ್ರಿಕೆಟ್ ನೋಡಿದರು, ಆಮೇಲೆ ತೋಟ ನೋಡತೊಡಗಿದರು. ಮೂರು ದಿನದಲ್ಲಿ ಹಾಳು ಅಂಗಳವನ್ನು ನಂದನವನ ಮಾಡುವ ಕಾರ್ಯಕ್ರಮ. ಹೆಸರು ಬೇಡ. ಸೋಮವಾರ ಕಸ, ಬುಧವಾರ ಕಾರಂಜಿ. ಮನೆಯ ಒಡತಿ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಕೂಡಲೇ ಬಾಯಿ ಮುಚ್ಚಿಕೊಂಡು ಅಳಬೇಕು. ಮುಂದಿನ ಬೇಸಿಗೆಯಲ್ಲಿ ಆ ಅಂಗಳ ಏನಾಯಿತು ಎಂದು ಯಾರೂ ತೋರಿಸುವುದಿಲ್ಲ.

ರಾಮದುರ್ಗದ ಒಬ್ಬ ಕಂಟ್ರಾಕ್ಟರು ಅದನ್ನು ನೋಡಿ ಲಾನ್ ಬೇಕು ಎಂದು ಹಟ ಹಿಡಿದರು. ಎರೆಮಣ್ಣಿನ ಮೇಲೆ ನಿಲ್ಲುವುದಿಲ್ಲ ಅಂದೆ. ಕೇಳಲಿಲ್ಲ. ಹಾಸಿಕೊಟ್ಟೆ. ಮೊದಲ ಬೇಸಿಗೆಗೇ ನೆಲ ಬಾಯಿ ಬಿಟ್ಟಿತು. ಅವರ ಹೆಂಡತಿ ಲಾನಿನ ಮೇಲೆ ಬರಿಗಾಲಲ್ಲಿ ಅಡ್ಡಾಡುವಾಗ ಕಾಲುಂಗುರ ಕಳಚಿ ಬಿರುಕಿಗೆ ಬಿತ್ತು. ಬೆಳ್ಳಿ ಕಾಲುಂಗುರ ಬಿಟ್ಟಾರೆಯೇ? ಇಡೀ ಲಾನ್ ಅಗೆಸಿದರು. ಉಂಗುರ ಸಿಕ್ಕಿತು. ಅಗೆದ ನೆಲ ಹೇಗೂ ಸಡಿಲಾಗಿದೆ ಎಂದು ನಾನು ಮೆಂತೆ, ಕೊತ್ತಂಬರಿ, ಸಬ್ಬಸಿಗೆ ಚೆಲ್ಲಿದೆ. ತಿಂಗಳಲ್ಲಿ ಅವರ ಮನೆಯ ಪಲ್ಯ ಅಂಗಳದ್ದೇ. ಆ ಹೆಣ್ಣುಮಗಳು ಗಂಡನಿಗೆ ನನ್ನ ಎದುರಿಗೇ ಅಂದಳು: “ಇನ್ನೊಂದ ಉಂಗುರ ಒಗದ ಬಿಡ್ತೇನಿ, ಹಿತ್ತಲಾನೂ ಅಗಸ್ರಿ.”

ಇಷ್ಟೆಲ್ಲ ಗೊತ್ತಿದ್ದೂ ನಾನೇ ಒಮ್ಮೆ ಟಿವಿಗೆ ಮರುಳಾದೆ. ನೀವು ಕಲಿಯಬೇಕಾದದ್ದು ಅದರಿಂದಲೇ.

ಬೈಲಹೊಂಗಲದಲ್ಲಿ ಹತ್ತಿ ಅಡತಿ ಅಂಗಡಿಯ ಒಬ್ಬ ಸಾವಕಾರರಿದ್ದರು, ಶಿವಲಿಂಗಪ್ಪ ಎಂದು. ಮನುಷ್ಯ ಒಳ್ಳೆಯವರು, ಹುರುಪು ಜಾಸ್ತಿ. ಅವರ ತಾಯಿ ಓಣಿಗೆಲ್ಲ ಆಯಿ. ಎಂಬತ್ತು ದಾಟಿದ ಮುದುಕಿ, ಬಾಯಿ ಬಲು ಜೋರು, ಕಣ್ಣು ಮಾತ್ರ ಮಂಜು. ಬೆಳಕು ಕಂಡರೆ ಕಂಡೀತು, ಮುಖ ಕಾಣದು. ಅವರ ಅಂಗಳದಲ್ಲಿ ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ದುಂಡು ಮಲ್ಲಿಗೆ ಇತ್ತು. ಆಯಿ ಮದುವೆಯಾಗಿ ಸುರೇಬಾನದಿಂದ ಬರುವಾಗ ತವರಿನ ಗಿಡದ ಟೊಂಗೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಉಡಿಯಲ್ಲಿಟ್ಟು ತಂದದ್ದಂತೆ. ದಿನಾ ಮುಂಜಾನೆ ಗೋಡೆ ಹಿಡಿದು ನಡೆದು ಬಂದು, ಕೈಯಲ್ಲೇ ತಡವಿ ಹೂ ಬಿಡಿಸಿ, ಲಿಂಗಪೂಜೆಗೆ ಒಯ್ಯುತ್ತಿದ್ದಳು. ಕಣ್ಣು ಹೋದ ಮೇಲೆ ಆಯಿ ಯಾರ ಕೈಯನ್ನೂ ಹಿಡಿಯದೆ ಮಾಡುತ್ತಿದ್ದ ಕೆಲಸ ಅದೊಂದೇ.

ಸಾವಕಾರರು ಟಿವಿಯವರಿಗೆ ಪತ್ರ ಬರೆದಿದ್ದರು. ಅವ್ವನಿಗೆ ತಿಳಿಯದ ಹಾಗೆ ಅಂಗಳ ಹೊಸದು ಮಾಡಿಸಬೇಕು ಎಂದು. ಶಿವರಾತ್ರಿ ಮುಗಿದ ವಾರ ಟಿವಿಯವರು ಬಂದೇ ಬಿಟ್ಟರು. ಆಯಿಯನ್ನು ರಾಮದುರ್ಗದ ಮಗಳ ಮನೆಗೆ ಕಳಿಸಿದರು. ಅಗೆಯುವುದಕ್ಕೆ ಸ್ಥಳೀಯ ಆಳು ಬೇಕಿತ್ತು. ನನ್ನನ್ನು ಕರೆದರು. ಚಾಚಾ ಹೋಗಬೇಡ ಅಂದರು.

“ಮೂರ ದಿನಕ್ಕ ಹೆಸರಕಾಳ ಮೊಳಕಿ ಬರತಾವಲೇ ಯಲ್ಲ್ಯಾ. ತ್ವಾಟ ಬರೂದಿಲ್ಲ.”

“ಟಿವ್ಯಾಗ ಬರತೇನಿ ಚಾಚಾ.”

“ಹಾಂ. ಅಲ್ಲಿಗೆ ಬಂತು ನೋಡ ರೋಗ.”

ಬೆಂಗಳೂರಿನ ಡಿಸೈನರು ತಲೆಗೆ ಟೊಪ್ಪಿಗೆ, ಕೈಯಲ್ಲಿ ನಕ್ಷೆ ಹಿಡಿದು ನಿಂತಿದ್ದರು. ಬಚ್ಚಲ ನೋಡಲಿಲ್ಲ, ಬೋರಿನ ನೀರು ಬಾಯಿಗೆ ಹಾಕಲಿಲ್ಲ. ನಕ್ಷೆಯಲ್ಲಿ ಕಾರಂಜಿ ಇದ್ದದ್ದು ಸರಿಯಾಗಿ ಮಲ್ಲಿಗೆಯ ಜಾಗದಲ್ಲಿ.

“ಇದನ್ನ ತೆಗೀರಿ,” ಅಂದರು.

“ಸರ್, ಇದು ಆಯಿದ ಐತ್ರಿ.”

“ಅಜ್ಜಿಗೆ ಇದಕ್ಕಿಂತ ಚೆನ್ನಾಗಿರೋದು ಕೊಡ್ತಿದೀವಲ್ಲಪ್ಪ.”

ಸಾವಕಾರರ ಮುಖ ನೋಡಿದೆ. “ತಗಿ ಯಲ್ಲಪ್ಪ. ಅವ್ವಗ ಸರ್ಪ್ರೈಜ್ ಐತಿ,” ಅಂದರು. ಅಷ್ಟರಲ್ಲಿ ಕ್ಯಾಮೆರಾದವರು ನನ್ನ ಕಡೆಗೆ ತಿರುಗಿದರು. ನಿಜ ಹೇಳುತ್ತೇನೆ, ನಾನು ತಲೆ ಬಾಚಿಕೊಂಡೆ. ಸಲಿಕೆ ಹಿಡಿದು ಎದೆ ಉಬ್ಬಿಸಿ ನಿಂತೆ. ಆಮೇಲೆ ಗಿಡ ಕಿತ್ತೆ. ಬೇರು ನೆಲ ಬಿಡಲಿಲ್ಲ, ಎರಡು ತಾಸು ಹಿಡಿಯಿತು. ಕಡೆಗೆ ಬಂತು, ಟ್ರ್ಯಾಕ್ಟರಿನ ಕಸದ ಜೊತೆ ಹೋಯಿತು. ಚಾಚಾ ಆಗಿದ್ದರೆ ಒಂದು ಟೊಂಗೆ ಒದ್ದೆ ಗೋಣಿಯಲ್ಲಿ ಸುತ್ತಿ ಮರೆಗೆ ಇಡುತ್ತಿದ್ದರು. ನನಗೆ ನೆನಪೇ ಆಗಲಿಲ್ಲ. ಕ್ಯಾಮೆರಾ ನನ್ನ ಬಲಗಡೆಯಿಂದ ಹಿಡಿದಿದೆಯೋ ಎಡಗಡೆಯಿಂದಲೋ ಎಂಬುದೇ ನನ್ನ ಚಿಂತೆ.

ಆಮೇಲಿನದು ಮೂರು ದಿನದ ಆಟ. ಚಾಪೆಯ ಹಾಗೆ ಸುತ್ತಿದ ಹುಲ್ಲು ಲಾರಿಯಲ್ಲಿ ಬಂತು. ಗರಸು ಹಾಕದೆ ಎರೆಮಣ್ಣಿನ ಮೇಲೆ ಹಾಸಿದೆವು. ಹೂ ತುಂಬಿದ ಗಿಡಗಳು ಪ್ಲಾಸ್ಟಿಕ್ ಕುಂಡದಲ್ಲಿ ಬಂದವು. ಅವನ್ನು ಕುಂಡದ ಸಮೇತ ಹೂತು, ಬಾಯಿಗೆ ಬಿಳಿ ಕಲ್ಲು ಮುಚ್ಚಿದೆವು. ನೋಡಿದರೆ ವರ್ಷದಿಂದ ಅಲ್ಲೇ ಬೆಳೆದ ಹಾಗೆ. “ಕುಂಡ ತಗದ ಹಚ್ಚೂನ್ರಿ ಸರ್?” ಅಂದೆ. “ಟೈಮಿಲ್ಲಪ್ಪ,” ಅಂದರು.

ಮೂರನೆಯ ದಿನ ಸಂಜೆ ಆಯಿಯನ್ನು ಕರೆತಂದರು. ಓಣಿಗೆ ಓಣಿಯೇ ಸೇರಿತ್ತು. ಕ್ಯಾಮೆರಾ ತಯಾರು. ಸಾವಕಾರರು ಅವ್ವನ ಕೈ ಹಿಡಿದು ಗೇಟಿನೊಳಗೆ ತಂದು, “ಅವ್ವಾ, ನೋಡು!” ಅಂದರು.

ಆಯಿ ನಿಂತಳು. ಮೂಗು ಎತ್ತಿದಳು. ಮಗನ ಕೈ ಬಿಟ್ಟು ಗೋಡೆ ಹಿಡಿದು ದಿನಾ ಹೋಗುವ ದಾರಿಯಲ್ಲಿ ನಡೆದಳು. ಕೈ ಚಾಚಿದಳು. ಕೈಗೆ ತಣ್ಣನೆಯ ಕಲ್ಲು ಸಿಕ್ಕಿತು, ಮೇಲೆ ನೀರು ಸಿಡಿಯಿತು.

“ಗಿಡ ಎಲ್ಲೈತ್ಯೋ?”

ಡಿಸೈನರು ಮುಂದೆ ಬಂದರು. “ಅಜ್ಜಿಗೆ ಸಂತೋಷಕ್ಕೆ ಮಾತೇ ಬರ್ತಿಲ್ಲ. ಅಜ್ಜಿ, ‘ತುಂಬಾ ಚೆನ್ನಾಗಿದೆ’ ಅಂತ ಇನ್ನೊಂದ್ಸಲ ಹೇಳಿ.”

“ಒಂದಸಲ ಯಾವಾಗ ಹೇಳೇನಿ, ಇನ್ನೊಂದಸಲ ಹೇಳಾಕ?” ಅಂದಳು ಆಯಿ.

ಓಣಿ ನಕ್ಕಿತು. ಸಾವಕಾರರ ಮುಖ ಸಣ್ಣದಾಯಿತು. ಆಯಿ ಅದನ್ನು ಕಾಣಲಿಲ್ಲವಾದರೂ ತಿಳಿದಳು ಅಂತ ಕಾಣುತ್ತದೆ. ಮಗನ ಕೈ ಹುಡುಕಿ ಹಿಡಿದು, “ಛಲೋ ಮಾಡ್ಸಿದಿ ಬಿಡಪಾ. ತಂಪ ಆತು,” ಅಂದಳು. ಟಿವಿಯವರಿಗೆ ಅಷ್ಟು ಸಾಕಾಯಿತು.

ಗಿಡ ಕಿತ್ತವರು ಯಾರು ಎಂದು ಆಯಿ ಯಾರನ್ನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೆಂಗಳೂರಿನವರು ಕಿತ್ತರು ಎಂದು ಆಕೆ ತಿಳಿದುಕೊಂಡಳು. ನಾನು ತಿಳಿದುಕೊಳ್ಳಲು ಬಿಟ್ಟೆ.

ಮರುದಿನದಿಂದ ಪೂಜೆಗೆ ಪೇಟೆಯ ಹೂ ಬಂತು. ಆಯಿ ಅಂಗಳಕ್ಕೆ ಬರುವುದನ್ನೇ ಬಿಟ್ಟಳು. ಅದು ನನ್ನ ಎದೆಗೆ ಚುಚ್ಚಿತು. ಚಾಚಾನ ನರ್ಸರಿಯಿಂದ ಬೇರೆ ಮಲ್ಲಿಗೆ ಒಯ್ದು ಮೂಗಿಗೆ ಹಿಡಿದೆ. ಮೂಸಿ ತಲೆ ಆಡಿಸಿದಳು.

“ಹೂವ ಖರೇ ಐತಿ. ಆದ್ರ ಇದರ ವಾಸನಿ ಒದರತೈತೋ ಯಲ್ಲಪ್ಪ. ನನ್ನದು ಸಣ್ಣಕ ಮಾತಾಡ್ತಿತ್ತು.”

ಒಂದು ರವಿವಾರ ಬಸ್ಸು ಹತ್ತಿ ಸುರೇಬಾನಕ್ಕೆ ಹೋದೆ. ತಾಯಿಗಿಡ ಉಳಿದಿದ್ದರೆ ಒಂದು ಟೊಂಗೆ ತರೋಣ ಎಂದು. ಆಯಿಯ ತವರು ಮನೆ ಇದ್ದ ಜಾಗದಲ್ಲಿ ಹಿಟ್ಟಿನ ಗಿರಣಿ ಓಡುತ್ತಿತ್ತು. ಗಿರಣಿಯವನನ್ನು ಕೇಳಿದೆ. “ಮಲ್ಲಿಗೀನ? ಇಲ್ಲಿ ಬೆಳ್ಳಗ ಇರೂದು ಹಿಟ್ಟ ಒಂದ,” ಅಂದ. ಬರಿಗೈಯಲ್ಲಿ ತಿರುಗಿ ಬಂದೆ.

ಅತ್ತ ಟಿವಿಯ ತೋಟ ಒಂದೊಂದಾಗಿ ಕೈ ಬಿಡುತ್ತಿತ್ತು. ಬೋರಿನ ಸವಳು ನೀರಿಗೆ ಎಲೆಯ ಅಂಚು ಬೆಳ್ಳಗಾಯಿತು. ಹೂತ ಕುಂಡಗಳಲ್ಲಿ ಬೇರು ಸುತ್ತಿಕೊಂಡು ಉಸಿರುಗಟ್ಟಿತು. ಹುಲ್ಲಿನ ಚಾಪೆ ಸುರುಟಿಕೊಂಡು ಅಂಚು ಎತ್ತಿತು, ಹಪ್ಪಳ ಕರಿದ ಹಾಗೆ. ಕರೆಂಟ್ ಇರದ ದಿನ ಕಾರಂಜಿ ಇಲ್ಲ, ಇದ್ದ ದಿನ ಬೋರಿನಲ್ಲಿ ನೀರಿಲ್ಲ. ಅದರ ಒಣ ಬಟ್ಟಲ ಧೂಳಿನಲ್ಲಿ ಗುಬ್ಬಿಗಳು ಮೀಯುತ್ತಿದ್ದವು. ಇಡೀ ತೋಟದಲ್ಲಿ ಸುಖವಾಗಿದ್ದವರು ಅವರಷ್ಟೇ.

ಬಸವ ಜಯಂತಿ ಮುಗಿದ ಮೇಲೆ ಒಂದು ದಿನ ಫೋನ್ ಬಂತು. ಕಾರ್ಯಕ್ರಮ ಶನಿವಾರ ಸಂಜೆ ಟಿವಿಯಲ್ಲಿ ಬರುತ್ತದೆ! ಸಾವಕಾರರ ಪಡಸಾಲೆಯಲ್ಲಿ ಓಣಿಯ ಜನ ತುಂಬಿದರು. ಹೊರಗೆ ಅಂಗಳ ಒಣಗಿ ಕಟಕಟ ಅನ್ನುತ್ತಿತ್ತು. ಒಳಗೆ ಟಿವಿಯಲ್ಲಿ ಅದೇ ಅಂಗಳ ಹಸಿರು ಹಸಿರು. ಒಬ್ಬ ಕಿಡಕಿಯಿಂದ ಹೊರಗೆ ನೋಡುವುದು, ಟಿವಿ ನೋಡುವುದು, ಮತ್ತೆ ಹೊರಗೆ ನೋಡುವುದು. “ಸಾವಕಾರ್ರ, ನೀರ ಟಿವಿಗೆ ಹಾಕಾಕತ್ತೀರೇನ್ರಿ?” ಎಂದ. ಸಾವಕಾರರೂ ನಕ್ಕರು. ಆ ಮನುಷ್ಯನಿಗೆ ನಗು ಬರುತ್ತಿತ್ತು, ಅದೇ ಅವರ ದೊಡ್ಡ ಗುಣ.

ಎದುರು ಮನೆಯ ಅಕ್ಕೋರೂ ಬಂದು ಕೂತಿದ್ದರು. ನನಗೆ ನಾಲ್ಕನೆಯ ಇಯತ್ತೆಯವರೆಗೆ ಕಲಿಸಿದ ಟೀಚರು ಅವರು. ಮಗ್ಗಿ ತಪ್ಪಿದರೆ ಬೆರಳ ಗಂಟಿಗೆ ಪಟ್ಟಿಯಿಂದ ಹೊಡೆಯುತ್ತಿದ್ದರು, ಸುಳ್ಳು ಹೇಳಿದರೆ ಎರಡು ಜಾಸ್ತಿ. ಅವರ ಮನೆಯ ಮುಂದಿನ ಬಾಳೆ, ಬಸಳೆ, ನುಗ್ಗೆ ಎಲ್ಲ ನಾನೇ ಬಚ್ಚಲ ನೀರಿಗೆ ಹಚ್ಚಿಕೊಟ್ಟದ್ದು.

ಟಿವಿಯಲ್ಲಿ ಹಳೆಯ ಅಂಗಳ ತೋರಿಸಿದರು. ಮೂಲೆಯಲ್ಲಿ ಆಯಿಯ ಮಲ್ಲಿಗೆ, ಆಗಷ್ಟೇ ಮೊಗ್ಗು ಹಿಡಿದದ್ದು. ಅದರ ಪಕ್ಕ ನಾನು, ಬಾಚಿದ ತಲೆ, ಉಬ್ಬಿದ ಎದೆ.

“ಯಲ್ಲಪ್ಪ ಬಂದ! ಯಲ್ಲಪ್ಪ ಟಿವ್ಯಾಗ ಬಂದ!” ಎಂದು ಚಪ್ಪಾಳೆ ಬಿತ್ತು.

“ಹೌದೇನು? ಏನ ಮಾಡಾಕತ್ತಾನ?” ಕುರ್ಚಿಯಲ್ಲಿ ಕೂತ ಆಯಿ ಸಂಭ್ರಮದಿಂದ ಕೇಳಿದಳು.

ಚಪ್ಪಾಳೆ ನಿಂತಿತು. ಎಲ್ಲರೂ ಟಿವಿ ನೋಡಿದರು, ನನ್ನನ್ನು ನೋಡಿದರು. ಹೇಳುವ ಕೆಲಸ ನನ್ನದೇ ಆಗಿತ್ತು.

“ನಿಮ್ಮ ಮಲ್ಲಿಗಿ ಕೀಳಾಕತ್ತೇನ್ರಿ ಆಯಿ. ಕಿತ್ತಾಂವ ನಾನ. ಇಷ್ಟ ದಿನಾ ಹೇಳಿದ್ದಿಲ್ಲ.”

ಆಯಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಆಮೇಲೆ ಕೇಳಿದಳು. “ಬೇರ ಆಳಕ್ಕ ಇದ್ವೇನು?”

“ಭಾಳ ಆಳ ಇದ್ವರಿ. ಎರಡ ತಾಸು ಹಿಡೀತು. ಕೈ ಬೊಬ್ಬಿ ಎದ್ದಿದ್ವು.”

“ಹಂಗಾದ್ರ ಅದು ಸುಮ್ಮಕ ಹೋಗಿಲ್ಲ ಬಿಡು,” ಅಂದಳು. ಮುಖದಲ್ಲಿ ಒಂದು ಹೆಮ್ಮೆ ಇತ್ತು. ನನಗೆ ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಮುಂಜಾನೆ ಅಕ್ಕೋರು ನನ್ನನ್ನು ಮನೆಗೆ ಕರೆಸಿದರು. ಬಾಗಿಲು ಹಾಕಿ, ಮಾಳಿಗೆಗೆ ಹತ್ತು ಅಂದರು. ಅಷ್ಟು ವರ್ಷ ಕೆಲಸ ಮಾಡಿದ್ದರೂ ಆ ಮಾಳಿಗೆಗೆ ನಾನು ಹತ್ತಿರಲಿಲ್ಲ. ‘ಮ್ಯಾಲೇನೂ ಇಲ್ಲ’ ಎಂದೇ ಹೇಳುತ್ತಿದ್ದರು. ಮೇಲೆ ಮೂಲೆಯಲ್ಲಿ ಒಂದು ಹಳೆಯ ಎಣ್ಣೆ ಡಬ್ಬಿ. ಡಬ್ಬಿಯಲ್ಲಿ ದುಂಡು ಮಲ್ಲಿಗೆ. ಮೂಸಿದೆ. ಒದರಲಿಲ್ಲ. ಸಣ್ಣಗೆ ಮಾತಾಡಿತು.

“ಯಲ್ಲಪ್ಪ,” ಅಂದರು ಅಕ್ಕೋರು, “ನಾ ಕಳ್ಳಿ ಅದೇನಿ ನೋಡಪಾ.”

ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಒಂದು ನಂಬಿಕೆ ಇದೆ. ಕೇಳಿ ತಂದ ಟೊಂಗೆ ಹತ್ತುವುದಿಲ್ಲ, ಬೇರೂರುವುದಿಲ್ಲ, ಕದ್ದು ತಂದದ್ದು ಹತ್ತುತ್ತದೆ. ಅದಕ್ಕೇ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಹೋಗುತ್ತಾ ಬರುತ್ತಾ ಚಟಕ್ಕನೆ ಮುರಿದುಕೊಂಡು ಸೆರಗಿನಲ್ಲಿ ಮುಚ್ಚಿ ಒಯ್ಯುತ್ತಾರೆ. ಅಕ್ಕೋರು ವರ್ಷಗಳ ಹಿಂದೆ ಆಯಿಯ ಗಿಡದಿಂದ ಹಾಗೆ ಮುರಿದಿದ್ದರು. ಓಣಿಯ ಮಕ್ಕಳಿಗೆಲ್ಲ ಕಳ್ಳತನ ಮಾಡಬೇಡಿ ಎಂದು ಪಾಠ ಹೇಳುವ ಟೀಚರು. ನಾಚಿಕೆಗೆ ಗಿಡವನ್ನು ಮಾಳಿಗೆಗೆ ಏರಿಸಿದ್ದರು.

“ನಿನ್ನಿ ನೀ ಅಷ್ಟ ಮಂದ್ಯಾಗ ನಿಂತ ಹೇಳಿದಿ. ಕಲಿಸಿದಾಕಿ ನಾನು, ಬಾಯಿ ಮುಚಿಗೊಂಡ ಕುಂತಿದ್ದೆ.”

“ಪಟ್ಟಿ ತರ್ಲೇನ್ರಿ ಅಕ್ಕೋರ? ಬೆರಳ ಮುಂದ ಮಾಡ್ರಿ.”

“ಬಾಯಿ ಮುಚ್ಚು, ಮೂಳಾ,” ಎಂದು ನಕ್ಕುಬಿಟ್ಟರು.

ನಾನು ಆವತ್ತೇ ಒಂದು ಟೊಂಗೆ ಕೇಳಿ ಇಸಿದುಕೊಂಡು, ಸಾವಕಾರರ ಅಂಗಳದಲ್ಲಿ ಊರಿದೆ. ಸುಡು ಬೇಸಿಗೆ. ಆರು ದಿನಕ್ಕೆ ಕರ್ರಗಾಯಿತು.

“ನಾ ಹೇಳಲಿಲ್ಲೇನು, ಕೊಟ್ಟದ್ದು ಹತ್ತೂದಿಲ್ಲ?” ಅಂದರು ಅಕ್ಕೋರು.

ಕೊಟ್ಟದ್ದಕ್ಕಲ್ಲ, ಬಿಸಿಲಿಗೆ ಸತ್ತದ್ದು. ನನಗೆ ಇಂಥ ಮಾತಿನಲ್ಲಿ ನಂಬಿಕೆ ಇಲ್ಲ. ಆದರೆ ಚಾಚಾ ಕೇಳಿ ತಲೆ ಆಡಿಸಿದರು. “ಕದ್ದಾಕಿ ಏನ ಮಾಡ್ತಾಳ? ಸಣ್ಣ ಟೊಂಗಿ ಮುರೀತಾಳ, ದೊಡ್ಡದ ಮುರದ್ರ ಕಾಣತೈತಿ ಅಂತ. ಮನಿಗೆ ಓಡಿ ಹೋಗಿ ತಕ್ಷಣ ಊರತಾಳ. ನೆರಳಿಗೆ ಬಚ್ಚಿಡ್ತಾಳ. ದಿನಾ ಹೋಗಿ ನೋಡ್ತಾಳ. ಹತ್ತದ ಏನ ಮಾಡೀತು? ನಂಬಿಕಿ ಸುಳ್ಳಿರಬೋದು, ಕೆಲಸ ಖರೇ ಐತಿ.” ಈ ಮಾತನ್ನು ಬರೆದಿಟ್ಟುಕೊಳ್ಳಿ ಹುಡುಗರೇ. ಟೊಂಗೆ ಊರುವ ವಿದ್ಯೆ ಎಲ್ಲ ಇಷ್ಟರಲ್ಲಿ ಬಂತು.

ಕಾರಹುಣ್ಣಿಮೆ ಹತ್ತಿರ ಎರಡು ಒಳ್ಳೆಯ ಮಳೆ ಬಿತ್ತು. ನಾನು ಆಯಿಯ ಹತ್ತಿರ ಹೋಗಿ ಕೂತೆ.

“ಆಯಿ, ಒಂದ ಕಡೆ ಕಳವಿಗೆ ಹೋಗೂದೈತ್ರಿ. ಬರ್ತೀರೇನು?”

“ಈ ವಯಸ್ಸಿನ್ಯಾಗ? ಸಿಕ್ಕ ಬಿದ್ರ ಓಡಾಕ ಬರೂದಿಲ್ಲೋ.”

“ನಾ ಅದೇನಲ್ರಿ.”

“ನೀನ? ಸಿಕ್ಕ ಬಿದ್ರ ನೀ ಮೊದಲ ಓಡ್ತಿ,” ಅಂದಳು. ಅಷ್ಟರಲ್ಲಿ ಎದ್ದು ಚಪ್ಪಲಿ ಹುಡುಕುತ್ತಿದ್ದಳು.

ಅಕ್ಕೋರು ಡಬ್ಬಿಯನ್ನು ಮಾಳಿಗೆಯಿಂದ ಇಳಿಸಿ ಕಟ್ಟೆಯ ಮೇಲೆ ಇಟ್ಟಿದ್ದರು. ನಾವು ಬರುವುದು ಕಂಡು, ತಾವು ಗೋಡೆಗೆ ಮುಖ ಮಾಡಿ ನಿಂತರು. ಓಣಿ ದಾಟುವಾಗಲೇ ಆಯಿ ನಿಂತಳು. ಮೂಗು ಎತ್ತಿದಳು. ನನ್ನ ಕೈ ಬಿಟ್ಟಳು. ಕಟ್ಟೆಯವರೆಗೆ ತಾನೇ ನಡೆದಳು, ಯಾರನ್ನೂ ಹಿಡಿಯದೆ. ಎಲೆ ತಡವಿದಳು, ಮೊಗ್ಗು ತಡವಿದಳು.

“ಇಲ್ಲಿ ಯಾರೂ ಇಲ್ಲ,” ಅಕ್ಕೋರು ಗೋಡೆಗೆ ಹೇಳಿದರು. “ನಾ ಏನೂ ನೋಡಾಕತ್ತಿಲ್ಲ.”

“ನಾನೂ ಆವತ್ತ ನೋಡಿದ್ದಿಲ್ಲ ಬಿಡ್ರಿ ಅಕ್ಕೋರ,” ಅಂದಳು ಆಯಿ.

ಅಕ್ಕೋರು ಗಕ್ಕನೆ ತಿರುಗಿದರು. “ಅಂದ್ರ?”

“ಆಗ ನನ್ನ ಕಣ್ಣ ಛಲೋ ಇದ್ವು. ಕಿಡಕ್ಯಾಗ ನಿಂತಿದ್ದೆ. ನೀವ ಆ ಕಡೆ ಈ ಕಡೆ ನೋಡಿ, ಟೊಂಗಿ ಮುರದ ಸೆರಗಿನ್ಯಾಗ ಹಾಕ್ಕೊಂಡ್ರಿ. ನಾ ಆ ಕಡೆ ಮಾರಿ ಹೊಳ್ಳಿಸಿದೆ. ನೋಡಿದ್ರ ಹತ್ತೂದಿಲ್ಲಲ್ಲ? ಈಗ ಮಾರಿ ಆ ಕಡೆ ಮಾಡ್ರಿ ಮತ್ತ. ನನ್ನದೂ ಹತ್ತಬೇಕಿಲ್ಲೋ?”

ಅಕ್ಕೋರು ಮತ್ತೆ ಗೋಡೆಗೆ ತಿರುಗಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಬೆನ್ನು ಅಲುಗುತ್ತಿತ್ತು. ಚಟಕ್ ಎಂದಿತು. ಆಯಿ ಟೊಂಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, “ನಡಿ ನಡಿ, ಲಗೂ ನಡಿ,” ಎಂದು ನನ್ನನ್ನು ಎಳೆದಳು. ಎಂಬತ್ತರ ಮುದುಕಿ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಾರಂಜಿಯ ಬಟ್ಟಲಿನ ತಳ ನಾನು ಸುತ್ತಿಗೆಯಿಂದ ಒಡೆದೆ. ಗರಸು, ಗೊಬ್ಬರ, ಎರೆಮಣ್ಣು ಕಲಸಿ ತುಂಬಿದೆ. ಬಚ್ಚಲ ನೀರಿನ ಕಾಲುವೆ ಮತ್ತೆ ಅದರ ಕಡೆಗೆ ತಿರುಗಿಸಿದೆ. ಸಾವಕಾರರೇ ಪಂಚೆ ಎತ್ತಿ ಕಟ್ಟಿ ಮಣ್ಣು ಹೊತ್ತರು. ಟೊಂಗೆಯನ್ನು ಆಯಿ ಊರಿದಳು. ತಿಂಗಳ ಮೇಲೆ ಚಿಗುರಿತು. ಮುಂದಿನ ಶಿವರಾತ್ರಿ ಮುಗಿದ ವಾರ ಮೂರು ಮೊಗ್ಗು. ಆಯಿ ಗೋಡೆ ಹಿಡಿದು ನಡೆದು ಬಂದು, ತಾನೇ ತಡವಿ ಬಿಡಿಸಿದಳು. ಎರಡನ್ನು ಪೂಜೆಗೆ ಒಯ್ದಳು. ಒಂದನ್ನು ಎದುರು ಮನೆಗೆ ಕಳಿಸಿದಳು. ಅವತ್ತು ಅಕ್ಕೋರು ಮಲ್ಲಿಗೆ ಮುಡಿದು ಹಾಡಹಗಲೇ ಸಾಲಿಗೆ ಹೋದರು.

ಟಿವಿಯವರ ತೋಟದ್ದು ಈಗ ಆ ಅಂಗಳದಲ್ಲಿ ಉಳಿದಿರುವುದು ಆ ಬಟ್ಟಲು ಒಂದೇ. ಉಳಿದ ಕಡೆ ಕರಿಬೇವು, ದಾಸವಾಳ, ಬದನೆ, ಲಿಂಬೆ. ಒಂದನ್ನೂ ಅಂಗಡಿಯಿಂದ ತಂದದ್ದಲ್ಲ. ಯಾವುದು ಯಾರ ಮನೆಯದು ಎಂದು ಕೇಳಿದರೆ ಆಯಿ, “ನನಗ ಕಣ್ಣ ಕಾಣೂದಿಲ್ಲಪಾ,” ಅನ್ನುತ್ತಾಳೆ.

ಲಾನು, ಕಾರಂಜಿ ಕಲಿಯಬೇಕಾದರೆ ಬೇರೆ ಉಸ್ತಾದರನ್ನು ಹುಡುಕಿಕೊಳ್ಳಿ. ನನ್ನ ಕೆಲಸ ಕಲಿಯಬೇಕಾದರೆ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಮುಂ­ಜಾನೆ ಆ ಓಣಿಗೆ ಹೋಗಿ. ಸಾವಕಾರರ ಗೇಟು ಅಗಲಕ್ಕೆ ತೆರೆದಿರುತ್ತದೆ. ಆಯಿಯ ಹುಕುಂ ಅದು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋಗುತ್ತಾರೆ, ಸೆರಗು ಮುಚ್ಚಿಕೊಂಡು ಹೊರಗೆ ಬರುತ್ತಾರೆ. ಆಯಿ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಪ್ರತಿ ಸಲ ಚಟಕ್ ಎಂದಾಗಲೂ ಗೋಡೆಗೆ ಹೇಳುತ್ತಾಳೆ:

“ಸಣ್ಣ ಟೊಂಗಿ ಮುರಕೋರೇ ಯವ್ವಾ. ನಾ ನೋಡಾಕತ್ತಿಲ್ಲ.”